ಹಸಿ ದಿನದ ಡಾಂಬರು

ಹೋದ ತಿಂಗಳು ನಾನೊಂದು ಮೊಪೆಡ್ ಕೊಂಡೆ. ಈ ಮಾತಿನಲ್ಲಿ ಸ್ವಲ್ಪ ಹೆಮ್ಮೆ ಇಣುಕಿದ್ದರೆ ಕ್ಷಮಿಸಿ; ನಾನು ಅದನ್ನು ಓಡಿಸುವುದನ್ನು ಒಮ್ಮೆ ಕಂಡರೆ ನಿಮಗೆ ಮರುಕವೇ ಹುಟ್ಟೀತು. ರಾಯಚೂರಿನ ಬಸ್ ನಿಲ್ದಾಣದ ಎದುರು ಜಟಕಾ, ಸೈಕಲ್ ರಿಕ್ಷಾ, ಹತ್ತಿ ತುಂಬಿದ ಬಂಡಿ ಎಲ್ಲ ಒಟ್ಟಿಗೆ ಬಂದಾಗ ಎರಡೂ ಕಾಲನ್ನು ನೆಲಕ್ಕೆ ಇಳಿಬಿಟ್ಟು, ಕೊಕ್ಕರೆಯಂತೆ ಹೆಜ್ಜೆ ಹಾಕುತ್ತ ದಾಟುತ್ತೇನೆ. ನನ್ನ ವಿದ್ಯಾರ್ಥಿನಿಯರು ಅದನ್ನು ನೋಡಿದ್ದಾರೆ. ಮರುದಿನ ಸಸ್ಯಶಾಸ್ತ್ರದ ತರಗತಿಯಲ್ಲಿ ಬೇರಿನ ಬಗೆಗಳನ್ನು ಹೇಳುವಾಗ ನಾನು ಕಪ್ಪು ಹಲಗೆಯನ್ನೇ ಹೆಚ್ಚು ನೋಡಿದೆ.

ಈ ಗಾಡಿಯ ಹ್ಯಾಂಡಲ್ಲಿನಲ್ಲಿ, ಎಡಗೈ ಹೆಬ್ಬೆರಳಿಗೆ ಎಟಕುವಂತೆ, ಒಂದು ಸಣ್ಣ ಕಪ್ಪು ಗುಂಡಿ ಇದೆ. ಒತ್ತಿದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಹಾರ್ನ್ ಆಗುತ್ತದೆ. ಈಚಿನ ಒಂದು ಭಾನುವಾರ ಅಪ್ಪ ಅವ್ವನನ್ನು ನೋಡಲು ಕಲ್ಮಲಕ್ಕೆ ಹೊರಟಿದ್ದೆ. ಊರ ಹತ್ತಿರದ ಸೇತುವೆಯ ಬಳಿ ಮುಂದೆ ಮೂವರು ಹಾಲಿನವರು ಖಾಲಿ ಕ್ಯಾನು ನೇತುಹಾಕಿಕೊಂಡು, ರಸ್ತೆಯ ತುಂಬ ಹರಡಿಕೊಂಡು, ಮಾತಾಡುತ್ತ ಸೈಕಲ್ ತುಳಿಯುತ್ತಿದ್ದರು. ನನ್ನ ಹೆಬ್ಬೆರಳು ನನ್ನನ್ನು ಕೇಳದೆ ಗುಂಡಿಯನ್ನು ಒತ್ತಿತು: ದೂರದಿಂದಲೇ, ಎರಡು ಸಲ, ಸಣ್ಣದಾಗಿ. ನಡುವೆ ಇದ್ದ ಮುದುಕ ಹಿಂದಿರುಗಿ ನೋಡಲೂ ಇಲ್ಲ. ಎಡಗೈ ಎತ್ತಿದ. ಮೂವರೂ ಒಬ್ಬರ ಹಿಂದೆ ಒಬ್ಬರು ಸಾಲಾಗಿ, ಡಾಂಬರಿನಿಂದ ಕೆಳಗಿಳಿದರು.

ಪಕ್ಕಕ್ಕೆ ಬಂದಾಗ ನೋಡಿದರೆ ನಮ್ಮೂರ ಅಮರಪ್ಪ. ಅವನೂ ನನ್ನನ್ನು ನೋಡಿ ಸೈಕಲ್ ನಿಲ್ಲಿಸಿದ.

“ಯವ್ವಾ, ನೀನಾ? ನಾ ಹಳೇ ನೆನಪಿಲೆ ದಸ್ತಗೀರನ ಲಾರಿ ಅಂದ್ಕೊಂಡ್ನಿ. ಆಮ್ಯಾಲ ಅಂದೆ, ಲಾರಿಗೆ ಇಂಥಾ ಗುಂಗಾಡ ದನಿ ಯಾಕ ಬಂತು ಅಂತ.”

ದಸ್ತಗೀರ ಸಾಬರು ಈಗ ಎಲ್ಲಿದ್ದಾರೆ ಎಂದು ಕೇಳಿದೆ. ಕಣ್ಣು ಮಂಜಾಗಿ ಲಾರಿ ಬಿಟ್ಟಿದ್ದಾರೆ, ಮಾನ್ವಿಯಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದ. ನಾನು ಸರಿ ಎಂದು ತಲೆಯಾಡಿಸಿ ಮುಂದೆ ಹೋದೆ. ಆದರೆ ಆ ಎರಡು ಸಣ್ಣ ಹಾರ್ನ್ ನಿಜವಾಗಿ ಯಾಕೆ ಹುಟ್ಟಿದವು ಎಂಬುದು ಈ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು. ಆ ಇಬ್ಬರಲ್ಲಿ ಒಬ್ಬಳು ನಾನು. ನಿಮಗೆ ಹೇಳಬೇಕೆಂದರೆ ಮೊದಲು ಆ ರಸ್ತೆಯನ್ನು ತೋರಿಸಬೇಕು.

ನಾನು ಪಿ.ಯು.ಸಿ. ಓದುತ್ತಿದ್ದ ಎಪ್ಪತ್ತರ ದಶಕದಲ್ಲಿ ಅದು ಒಂದು ಲಾರಿಯ ಅಗಲದ ಡಾಂಬರು ಪಟ್ಟಿ ಅಷ್ಟೆ. ಮಾನ್ವಿಗೆ ಹೋಗುವವರು, ದೇವದುರ್ಗಕ್ಕೆ ಹೋಗುವವರು ಎಲ್ಲರೂ ನಮ್ಮೂರ ಮುಂದೆಯೇ ಹಾಯಬೇಕು. ಪಟ್ಟಿಯ ಎರಡೂ ಅಂಚಿಗೆ ನಾಲ್ಕು ಬೆರಳಿನಷ್ಟು ಇಳಿತ, ಆಮೇಲೆ ಎರಿಮಣ್ಣು. ಬೇಸಿಗೆಯಲ್ಲಿ ಆ ಕಪ್ಪು ಮಣ್ಣು ಕಲ್ಲಿನಂತೆ. ಸೈಕಲ್ಲಿನವರು ಕೆಳಗಿಳಿದರೆ ಧೂಳು ಕುಡಿಯಬೇಕು, ಅಷ್ಟೆ. ಮಳೆ ಬಿದ್ದರೆ ಕಥೆಯೇ ಬೇರೆ. ಗಾಲಿ ಹತ್ತು ಸುತ್ತು ಸುತ್ತುವಷ್ಟರಲ್ಲಿ ಮಡ್‌ಗಾರ್ಡಿನೊಳಗೆ ಮಣ್ಣು ತುಂಬಿ, ಸೈಕಲ್ ನಿಂತೇಬಿಡುತ್ತದೆ. ಆಮೇಲೆ ನೀವು ಸೈಕಲ್ ಮೇಲೆ ಹೋಗುವುದಿಲ್ಲ, ಸೈಕಲ್ ನಿಮ್ಮ ಮೇಲೆ ಹೋಗುತ್ತದೆ. ಅದಕ್ಕೇ ನಮ್ಮ ಕಡೆಯ ಪ್ರತಿ ಸೈಕಲ್ಲಿನ ಕ್ಯಾರಿಯರಿಗೂ ಮಣ್ಣು ಕೆದಕುವ ಒಂದು ಜಾಲಿ ಕಡ್ಡಿ ಸಿಕ್ಕಿಸಿರುತ್ತಿತ್ತು. ಲಾರಿಗೂ ಅದೇ ಭಯ. ಹಸಿ ಎರಿಯಲ್ಲಿ ಇಳಿದ ಲಾರಿ ಎತ್ತು ಹೂಡದೆ ಮೇಲೆ ಬರುತ್ತಿರಲಿಲ್ಲ. ಹೀಗಾಗಿ ಮಳೆಗಾಲದಲ್ಲಿ ಡಾಂಬರು ಎಲ್ಲರಿಗೂ ಬೇಕು; ಇರುವುದು ಮಾತ್ರ ಒಬ್ಬರಿಗೆ.

ಅಲ್ಲಿ ನಡೆಯುತ್ತಿದ್ದದ್ದನ್ನು ಯುದ್ಧವೆನ್ನದೆ ಬೇರೆ ಹೆಸರಿಲ್ಲ. ಹಾಲಿನವರು ಬೇಕೆಂದೇ ಮೂವರು ಸಾಲಾಗಿ ಹೋಗುತ್ತಿದ್ದರು. ಲಾರಿಯವರು ಹಿಂದೆ ಬಂದು, ಬೆನ್ನಿಗೆ ಬಿಸಿಯುಸಿರು ತಾಗುವಷ್ಟು ಹತ್ತಿರದಲ್ಲಿ, ಎದೆ ಒಡೆಯುವಂತೆ ಹಾರ್ನ್ ಹೊಡೆಯುತ್ತಿದ್ದರು. ಡಾಂಬರು ನಿಮ್ಮಪ್ಪ ಹಾಕಿಸಿದ್ದೇನು ಎಂದು ಇವರು ಕೇಳಿದರೆ, ನಿಮ್ಮಪ್ಪನೂ ಹಾಕಿಸಿಲ್ಲ ಎಂದು ಅವರು. ಹುಣ್ಣಿಮೆಗೆ ದೇವದುರ್ಗದ ಕಡೆಯ ಗೂಗಲ್ ಗುಡಿಗೆ ಬಾಡಿಗೆ ಸೈಕಲ್ ಮೇಲೆ ಹೊರಡುವ ಭಕ್ತರದು ಇನ್ನೊಂದು ಬಗೆ: ಒಂದು ಸೈಕಲ್ಲಿಗೆ ಇಬ್ಬರು, ಇಬ್ಬರೂ ಭಜನೆ, ಯಾರಿಗೂ ಯಾವ ಹಾರ್ನೂ ಕೇಳಿಸದು. ಅಮರಪ್ಪನ ಒಂದು ತುಂಬಿದ ಕ್ಯಾನು ಯಾವುದೋ ಲಾರಿಗೆ ದಾರಿ ಬಿಡಲು ಹೋಗಿ ಕೆಸರಿನಲ್ಲಿ ಮಗುಚಿತ್ತು. ಅಂದಿನಿಂದ ಅವನಿಗೆ ಎಲ್ಲ ಲಾರಿಗಳೂ ಒಂದೇ ಲಾರಿ, ಎಲ್ಲ ಡ್ರೈವರುಗಳೂ ಒಬ್ಬನೇ ಡ್ರೈವರು. ಆ ಒಬ್ಬ ದಿನವೂ ಕಣ್ಣಿಗೆ ಬೀಳುತ್ತಿದ್ದ ದಸ್ತಗೀರ ಸಾಬರು. ಮಾನ್ವಿಯ ಒಂದು ಅಕ್ಕಿ ಗಿರಣಿಯ ಲಾರಿಯನ್ನು ಅವರು ಬೆಳಿಗ್ಗೆ ರಾಯಚೂರಿಗೆ ತರುತ್ತಿದ್ದರು.

ಈ ರಣರಂಗದೊಳಗೆ ನಾನು ಹದಿನಾರರ ವಯಸ್ಸಿನಲ್ಲಿ, ವರ್ಗವಾಗಿ ಹೋದ ನರ್ಸಮ್ಮ ಒಬ್ಬರಿಂದ ಕೊಂಡ ಹಳೆಯ ಲೇಡೀಸ್ ಸೈಕಲ್ ಹತ್ತಿ ಹೊರಟೆ. ಬಸ್ಸು ಮಾನ್ವಿಯಿಂದಲೇ ತುಂಬಿ ಬಂದು ನಮ್ಮೂರಲ್ಲಿ ನಿಲ್ಲದೆ ಹೋಗುತ್ತಿತ್ತು. ಪ್ರಾಕ್ಟಿಕಲ್ ತರಗತಿ ಎಂಟಕ್ಕೇ ಇರುತ್ತಿತ್ತು. ಅಪ್ಪ ಊರ ಅಂಚೆ ಕಚೇರಿ ನೋಡಿಕೊಳ್ಳುತ್ತಿದ್ದ. ತಾನೂ ಸೈಕಲ್ಲಿನವನೇ, ಆದರೆ ಎತ್ತಿನ ಬಂಡಿ ಬಂದರೂ ಕೆಳಗಿಳಿದು ನಿಲ್ಲುವ ಜಾತಿ. ಮಗಳು ಸೈಕಲ್ ಮೇಲೆ ಕಾಲೇಜಿಗೆ ಹೋಗುವುದನ್ನು ಊರು ನೋಡುತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. ಒಂದೇ ಷರತ್ತು ಹಾಕಿದ.

“ನೋಡವ್ವಾ, ಮಂದಿ ತಪ್ಪಿಗೆ ಏನಾರ ಆದ್ರ ನಾ ನೋಡ್ಕೋತೀನಿ. ನಿನ್ನ ತಪ್ಪಿಲೆ ಒಂದ ಸಲ ಬಿದ್ದರೂ ಸೈಕಲ್ ಬಂದ್. ಸೈಕಲ್ ಬಂದ್ ಅಂದ್ರ ಕಾಲೇಜೂ ಬಂದ್.”

ಅಪ್ಪ ಹೇಳಿದ್ದನ್ನು ಮಾಡುವವನು. ನಾನು ಒಂದು ವರ್ಷ ಬೀಳಲಿಲ್ಲ.

ಎರಡನೆಯ ವರ್ಷದ ಶ್ರಾವಣದಲ್ಲಿ ಬಿದ್ದೆ. ಕಾರಣವನ್ನು ಈಗ ಬರೆಯಲೂ ನಾಚಿಕೆಯಾಗುತ್ತದೆ. ದಾರಿಯ ಸಮಯ ವ್ಯರ್ಥವಾಗುತ್ತದೆಂದು ನಾನು ಒಂದು ಉಪಾಯ ಕಂಡುಕೊಂಡಿದ್ದೆ: ಆ ದಿನ ಬಾಯಿಪಾಠ ಮಾಡಬೇಕಾದದ್ದನ್ನು ಚೀಟಿಯಲ್ಲಿ ಬರೆದು, ಕೂದಲಿನ ಪಿನ್ನಿನಿಂದ ಬ್ರೇಕಿನ ಕಡ್ಡಿಗೆ ಸಿಕ್ಕಿಸಿಕೊಳ್ಳುವುದು. ಕಣ್ಣು ಅರ್ಧ ರಸ್ತೆಯ ಮೇಲೆ, ಅರ್ಧ ಚೀಟಿಯ ಮೇಲೆ. ಬುದ್ಧಿವಂತೆ ಎಂದು ನನಗೆ ನಾನೇ ಮೆಚ್ಚಿಕೊಂಡಿದ್ದೆ. ಆ ಬೆಳಿಗ್ಗೆ ರಾತ್ರಿಯ ಮಳೆಯಿಂದ ನೆಲ ನೆನೆದಿತ್ತು, ರಸ್ತೆಯಲ್ಲಿ ಯಾರೂ ಇರಲಿಲ್ಲ, ಮತ್ತು ಚೀಟಿಗೆ ಅರ್ಧಕ್ಕಿಂತ ಹೆಚ್ಚು ಕಣ್ಣು ಹೋಗಿತ್ತು.

ಹಿಂದೆ ಹಾರ್ನ್ ಆಗುತ್ತಿತ್ತು. ಸೇತುವೆಯಿಂದಲೇ ಆಗುತ್ತಿತ್ತು. ಕೇಳಿಸಲಿಲ್ಲವೆಂದಲ್ಲ, ಅದು ಬೇರೆ ಯಾರಿಗೋ ಎಂಬಂತೆ ಕೇಳಿಸಿತು. ನಾನು ರಸ್ತೆಯ ನಡುಮಧ್ಯದಲ್ಲಿದ್ದೆ. ಲಾರಿ ನಿಧಾನವಾಗಿ, ಬಹುತೇಕ ನಿಂತು, ನನ್ನ ಬಲಭುಜದ ಹಿಂದೆಯೇ ಮೂತಿ ತೋರಿಸಿದಾಗ ಬೆಚ್ಚಿಬಿದ್ದು ಹ್ಯಾಂಡಲನ್ನು ಎಡಕ್ಕೆ ತಿರುಗಿಸುವ ಬದಲು ಬಲಕ್ಕೆ, ಲಾರಿಯ ಕಡೆಗೇ, ತಿರುಗಿಸಿದೆ. ಆಮೇಲೆ ನಡೆದದ್ದು ಕ್ಷಣದ ಮಾತು. ನನ್ನನ್ನು ತಪ್ಪಿಸಲು ಲಾರಿ ಬಲಕ್ಕೆ ಡಾಂಬರು ಬಿಟ್ಟು ಕೆಳಗಿಳಿಯಿತು. ನಾನು ಗಾಬರಿಯಲ್ಲಿ ಮತ್ತೆ ಎಡಕ್ಕೆ ಎಳೆದು, ಅಂಚಿನಿಂದ ಜಾರಿ, ಸೈಕಲ್ ಸಮೇತ ಎರಿಮಣ್ಣಿನಲ್ಲಿ ಮಲಗಿದೆ. ಎದ್ದು ಕೂತಾಗ ಮೊಣಕೈ ತರಚಿತ್ತು. ರಸ್ತೆಯ ಆಚೆ ಬದಿಯಲ್ಲಿ ಲಾರಿ ಅಚ್ಚಿನವರೆಗೂ ಹೂತು ಒಂದು ಕಡೆ ವಾಲಿತ್ತು.

ದಸ್ತಗೀರ ಸಾಬರು ಇಳಿದು ಬಂದರು. ಎತ್ತರದ ಮನುಷ್ಯ, ಕಿವಿಯ ಮೇಲೊಂದು ಬೀಡಿ. ಬೈಯುತ್ತಾರೆಂದು ಕಾದೆ. ಅವರು ಮೊದಲು ನನ್ನ ಕೈ ನೋಡಿದರು, ಆಮೇಲೆ ಸೈಕಲ್ ಎತ್ತಿ ನಿಲ್ಲಿಸಿದರು. ಬ್ರೇಕಿನ ಕಡ್ಡಿಗೆ ಚೀಟಿ ಇನ್ನೂ ಸಿಕ್ಕಿಕೊಂಡಿತ್ತು. ಅದನ್ನು ನೋಡಿದರು. ನನ್ನನ್ನು ನೋಡಿದರು. ನನಗೆ ಅಳು ಬಂತು; ಆಗ ಬಾಯಿಗೆ ಬಂದದ್ದು ಕ್ಷಮೆಯ ಮಾತಲ್ಲ.

“ನಮ್ಮಪ್ಪಗ ಹೇಳಬ್ಯಾಡ್ರಿ ಚಾಚಾ. ಕಾಲೇಜ್ ಬಿಡಸ್ತಾನ.”

ಅವರು ಪಿನ್ ಸಮೇತ ಚೀಟಿಯನ್ನು ತೆಗೆದು, ಮಡಿಚಿ, ನನ್ನ ಚೀಲದೊಳಗೆ ಹಾಕಿ ಗುಂಡಿ ಹಾಕಿದರು. ಅಷ್ಟರಲ್ಲಿ ಅಂದು ತಡವಾಗಿ ಹೊರಟಿದ್ದ ಅಮರಪ್ಪ ಬಂದ. ಅವನು ಕಂಡದ್ದು ಎರಡೇ: ಕೆಸರಿನಲ್ಲಿ ಒಂದು ಹುಡುಗಿ, ಆಚೆ ಬದಿಗೆ ಒಂದು ಲಾರಿ. ಅವನಿಗೆ ಅಷ್ಟು ಸಾಕಾಗಿತ್ತು.

ಅರ್ಧ ಗಂಟೆಯಲ್ಲಿ ಊರ ಮುಂದಿನ ಚಹಾದ ಹೋಟೆಲ್ ತುಂಬಿತು. ಹಾಲಿನವರೆಲ್ಲ ಸೇರಿದ್ದರು. ಇಷ್ಟು ದಿನದ ಸಿಟ್ಟಿಗೆ ಒಂದು ಪುರಾವೆ ಸಿಕ್ಕಿತ್ತು, ಅದು ಮೊಣಕೈಗೆ ಅರಿಶಿನ ಹಚ್ಚಿಕೊಂಡು ಬೆಂಚಿನ ತುದಿಯಲ್ಲಿ ಕೂತಿತ್ತು. ಅಮರಪ್ಪ ಗಿರಣಿ ಸಾವ್ಕಾರರಿಗೆ ಹೇಳಿ ಈ ಡ್ರೈವರನಿಂದ ಲಾರಿಯ ಕೀಲಿ ಕಸಿದುಕೊಳ್ಳುವಂತೆ ಮಾಡಬೇಕು ಎಂದ. ಅಪ್ಪ ಕೂಗಾಡುವವನಲ್ಲ. ಎಲ್ಲರೂ ಸುಮ್ಮನಾಗುವವರೆಗೂ ಕಾದು, ಅಂಚೆಯ ಫಾರಂ ತುಂಬುವವನ ಹಾಗೆ ಒಂದೇ ಪ್ರಶ್ನೆ ಕೇಳಿದ.

“ಹಾರ್ನ್ ಹೊಡದ್ರೇನು ಸಾಬ್ರ?”

ಆ ಪ್ರಶ್ನೆಯ ಆಚೆ ಈಚೆ ನನ್ನ ಕಾಲೇಜು ನಿಂತಿತ್ತು. ಹೊಡೆದಿದ್ದರೆ ತಪ್ಪು ನನ್ನದು. ಹೊಡೆಯದಿದ್ದರೆ ಅವರದು. ದಸ್ತಗೀರ ಸಾಬರು ನನ್ನ ಕಡೆ ನೋಡಲಿಲ್ಲ. ಹೊರಗೆ ವಾಲಿ ನಿಂತಿದ್ದ ಲಾರಿಯನ್ನು ನೋಡುತ್ತ ಹೇಳಿದರು.

“ಇಲ್ರೀ ಮಾಸ್ತರ. ಹೊಡೀಲಿಲ್ಲ. ಸಣ್ಣ ಹುಡುಗಿ, ಬಾಜೂಲೆ ಹಾದ ಹೋದ್ರಾತು ಅಂದ್ಕೊಂಡ್ನಿ. ನಂದ ತಪ್ಪು.”

ಅಪ್ಪ ನನ್ನತ್ತ ತಿರುಗಿದ. “ಹೌದೇನವ್ವಾ?”

ನಾನು ಹೂಂ ಅನ್ನಲಿಲ್ಲ. ತಲೆಯಾಡಿಸಿದೆ. ಬಾಯಿ ಬಿಟ್ಟು ಸುಳ್ಳು ಹೇಳಲಿಲ್ಲವಲ್ಲ ಎಂದು ಆ ರಾತ್ರಿ ನನಗೆ ನಾನೇ ಸಮಾಧಾನ ಹೇಳಿಕೊಂಡದ್ದು ನೆನಪಿದೆ. ಹದಿನೇಳರಲ್ಲಿ ಇಂಥ ಸೂಕ್ಷ್ಮ ವ್ಯತ್ಯಾಸಗಳು ಎಷ್ಟು ಬೇಗ ಹೊಳೆಯುತ್ತವೆ ನೋಡಿ.

ತಪ್ಪು ಒಪ್ಪಿಕೊಂಡವನ ಮೇಲೆ ಜಗಳ ಮುಂದುವರಿಸುವುದು ಕಷ್ಟ. ಅಮರಪ್ಪನಿಗೆ ಇನ್ನೂ ಹತ್ತು ಮಾತು ಉಳಿದಿದ್ದವು, ಆದರೆ ಅವಕ್ಕೆ ಜಾಗವಿರಲಿಲ್ಲ. ಚಹಾ ಬಂತು. ಚಹಾದ ಜೊತೆಗೆ ಮಾತು ಬೇರೆ ಕಡೆ ಹರಿದು, ಆ ಬೆಂಚಿನ ಮೇಲೆ ಒಂದು ಕಾನೂನು ಹುಟ್ಟಿತು. ಹಸಿ ದಿನ ಡಾಂಬರು ಸೈಕಲ್ಲಿನದು. ಲಾರಿ ಹಿಂದೆ ನಿಧಾನ ಬರಬೇಕು, ಗಟ್ಟಿ ನೆಲ ಸಿಗುವ ತನಕ ಕಾಯಬೇಕು. ಒಣ ದಿನ ಡಾಂಬರು ಲಾರಿಯದು, ಸೈಕಲ್ಲಿನವರು ಕೆಳಗಿಳಿಯಬೇಕು. ಹಾರ್ನನ್ನು ಬೆನ್ನಿಗೆ ಬಂದು ಹೊಡೆಯಕೂಡದು. ಸೇತುವೆಯಿಂದಲೇ, ಎರಡು ಸಲ, ಸಣ್ಣದಾಗಿ ಹೊಡೆಯಬೇಕು. ದಸ್ತಗೀರ ಸಾಬರು ಎಲ್ಲಕ್ಕೂ ಒಪ್ಪಿ ಒಂದೇ ಒಂದು ಬೇಡಿಕೆ ಇಟ್ಟರು: ಹಾರ್ನ್ ಕೇಳಿದ ಮೇಲೆ ಸೈಕಲ್ಲಿನವರು ಒಬ್ಬರ ಹಿಂದೆ ಒಬ್ಬರು ಆಗಬೇಕು. ಅಮರಪ್ಪ ಸ್ವಲ್ಪ ಹೊತ್ತು ಮೀಸೆ ತಿರುವಿ ಒಪ್ಪಿಕೊಂಡ. ಆಮೇಲೆ ತನ್ನ ಎತ್ತುಗಳನ್ನೇ ತಂದು ಲಾರಿಯನ್ನು ಮೇಲಕ್ಕೆಳೆಸಿದ.

ಸುದ್ದಿ ಮಾತ್ರ ಮಾನ್ವಿಗೆ ಅವರಿಗಿಂತ ಮೊದಲು ಮುಟ್ಟಿತು. ಸಾವ್ಕಾರರು ಕೀಲಿ ಇಸಿದುಕೊಂಡು, ಅವರನ್ನು ಗಿರಣಿಯ ಅಂಗಳದಲ್ಲಿ ಕುದಿಸಿದ ಭತ್ತ ಹರಡುವ ಕೆಲಸಕ್ಕೆ ಹಾಕಿದರು. ಇಪ್ಪತ್ತು ವರ್ಷ ಸ್ಟಿಯರಿಂಗ್ ಹಿಡಿದ ಮನುಷ್ಯ ಬಿಸಿಲಿನಲ್ಲಿ ಕಾಲಿನಿಂದ ಭತ್ತ ಆಡಿಸುತ್ತ ನಿಂತಿದ್ದರು. ಇದನ್ನು ನನಗೆ ಹೇಳಿದವನು ಅಮರಪ್ಪ. ಖುಷಿಯಿಂದ ಹೇಳಲು ಶುರುಮಾಡಿ ಕೊನೆಗೆ ಖುಷಿ ಇಲ್ಲದೆ ಮುಗಿಸಿದ. ನಾನು ಆ ದಿನ ಅಪ್ಪನಿಗೆ ಹೇಳಬೇಕೆಂದು ಅಂಚೆ ಕಚೇರಿಯ ಬಾಗಿಲವರೆಗೂ ಹೋದೆ. ಅಪ್ಪ ಕಾಗದಗಳಿಗೆ ಮುದ್ರೆ ಒತ್ತುತ್ತಿದ್ದ. ಎಷ್ಟು ಸಲ ಒತ್ತಿದ ಎಂದು ಎಣಿಸಿ ತಿರುಗಿ ಬಂದೆ.

ಲಾರಿಗೆ ಬಂದ ಹೊಸ ಡ್ರೈವರ್‌ಗೆ ಬೆಂಚಿನ ಕಾನೂನು ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಮನಸ್ಸೂ ಇರಲಿಲ್ಲ. ಎರಡು ತಿಂಗಳಲ್ಲಿ ಹಾಲಿನವರಿಗೆ ಸಾಕಾಯಿತು. ಕೊನೆಗೆ ಅಮರಪ್ಪನೇ ಇಬ್ಬರನ್ನು ಕಟ್ಟಿಕೊಂಡು ಮಾನ್ವಿಗೆ ಹೋಗಿ ಸಾವ್ಕಾರರ ಮುಂದೆ ನಿಂತ. ಅವನು ಅಲ್ಲಿ ಆಡಿದ ಮಾತನ್ನು ಊರಲ್ಲಿ ತಾನೇ ಎಷ್ಟೋ ಸಲ ಹೇಳಿದ್ದಾನೆ:

“ರೋಡಿನ ಮ್ಯಾಲ ತಪ್ಪು ಒಪ್ಪಿದ ಡ್ರೈವರ್ ಅಂತ ನಾ ನೋಡಿದ್ದು ಇವನೊಬ್ಬನ್ನ ರೀ. ಇವನ್ನ ಕೊಟ್ಟುಬಿಡ್ರಿ ನಮಗ.”

ಹೀಗೆ ಮಾಡದ ತಪ್ಪಿಗೆ ಕಳೆದುಹೋದ ಕೀಲಿ, ಮಾಡದ ತಪ್ಪನ್ನು ಒಪ್ಪಿದ್ದಕ್ಕೆ ತಿರುಗಿ ಬಂತು. ನಮ್ಮ ರಸ್ತೆಯ ಶಾಂತಿ ನಿಂತದ್ದು ನನ್ನ ಒಂದು ತಲೆಯಾಡಿಸುವಿಕೆಯ ಮೇಲೆ. ಆಮೇಲೆ ಬೇರೆ ಲಾರಿಯವರು, ದೇವದುರ್ಗದ ಬಸ್ಸಿನವರು ಕೂಡ ಎರಡು ಸಣ್ಣ ಹಾರ್ನ್ ಕಲಿತರು. ಆದರೆ ಮೊದಲನೆಯದು ಅವರದೇ. ಪ್ರತಿ ಬೆಳಿಗ್ಗೆ ಸೇತುವೆಯ ಕಡೆಯಿಂದ ಅದು ಕೇಳಿಸುತ್ತಿತ್ತು. ಒಣ ದಿನ ನಾನು ಕೆಳಗಿಳಿದು ನಿಲ್ಲುತ್ತಿದ್ದೆ. ಧೂಳೇಳದಂತೆ ಅವರು ಮೆಲ್ಲಗೆ ಹಾದುಹೋಗುತ್ತಿದ್ದರು. ಹಸಿ ದಿನ ನಾನು ಮುಂದೆ, ಅಷ್ಟು ದೊಡ್ಡ ಲಾರಿ ನನ್ನ ಹಿಂದೆ ಎಮ್ಮೆಯ ಹಾಗೆ ಸೌಮ್ಯವಾಗಿ. ಅವರು ಎಂದೂ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕೃತಜ್ಞತೆ ಹೇಳಬೇಕೆಂದರೆ ಮೊದಲು ತಪ್ಪು ಹೇಳಬೇಕಿತ್ತು. ಪಿ.ಯು.ಸಿ. ಮುಗಿಯಿತು, ಬಿ.ಎಸ್ಸಿ. ಆಯಿತು, ದೂರದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ.ಯೂ ಆಯಿತು. ಕಾಲೇಜು ಬಿಡಬೇಕಾಗಿ ಬಂದಿದ್ದ ಹುಡುಗಿ ಕಾಲೇಜಿನಲ್ಲೇ ಕೆಲಸಕ್ಕೆ ಸೇರಿದಳು.

ಅಮರಪ್ಪ ಹೇಳಿದ ಮೇಲೆ ಒಂದು ವಾರ ತಡೆದೆ. ಮುಂದಿನ ಭಾನುವಾರ ಕಲ್ಮಲದಲ್ಲಿ ನಿಲ್ಲದೆ ನೇರ ಮಾನ್ವಿಗೆ ಹೋದೆ. ಸಂತೆಯ ಬಯಲಿನ ಹಿಂದಿನ ಓಣಿಯಲ್ಲಿ ಮನೆ. ಅವರು ಬಾಗಿಲ ಮುಂದೆ ಹೊರಸಿನ ಮೇಲೆ ಕೂತಿದ್ದರು. ಕಿವಿಯ ಮೇಲೆ ಅದೇ ಬೀಡಿ. ಕಲ್ಮಲದ ಪೋಸ್ಟ್ ಮಾಸ್ತರರ ಮಗಳು, ಈಗ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ ಎಂದೆ. ಬರ್ರಿ ಮೇಡಮ್ಮಾರ, ಕೂಡ್ರಿ ಎಂದು ಎದ್ದರು, ಮಗಳಿಗೆ ಚಹಾ ಇಡಲು ಹೇಳಿದರು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ವಾಕ್ಯಗಳೆಲ್ಲ ಒಮ್ಮೆಲೇ ಮರೆತುಹೋದವು. ಕೊನೆಗೆ, ಅವತ್ತು ನೀವು ಹಾರ್ನ್ ಹೊಡೆದಿದ್ದಿರಿ ಎಂದಷ್ಟೇ ಹೇಳಿದೆ. ಯಾಕೆ ನಿಮ್ಮ ಮೇಲೆ ಹಾಕಿಕೊಂಡಿರಿ ಎಂದು ಕೇಳಿದೆ.

“ನೀವು ಅಳಾಕತ್ತಿದ್ರಿ. ಮತ್ತ ಲಾರಿ ಹೂತಿತ್ತು. ಲಾರಿ ಹೂತ್ರ ಸಾವ್ಕಾರ ಹ್ಯಾಂಗಿದ್ರೂ ಬೈತಾನ. ಬೈಸ್ಕೊಳ್ಳೂದು ಒಂದ ಸಲಕ್ಕ ಮುಗೀಲಿ ಅಂದ್ನಿ.” ಆಮೇಲೆ ನನ್ನ ಕಡೆ ಬಗ್ಗಿದರು. ಮೇಡಮ್ಮಾರು ಮರೆಯಾಗಿ ಹಳೆಯ ಹುಡುಗಿ ಸಿಕ್ಕಿದಳೆಂದು ಕಾಣುತ್ತದೆ. “ಅದೆಲ್ಲಾ ಹೋಗ್ಲಿ ಬೇಟಿ. ನಂಗ ಓದಾಕ ಬರೂದಿಲ್ಲ. ಇಷ್ಟ ವರ್ಷ ಒಂದ ವಿಚಾರ ತಲ್ಯಾಗ ಕುಂತದ. ಲಾರಿ ಬಂದ್ರೂ ಕಾಣಲಾರದಂಥಾದ್ದು ಆ ಚೀಟ್ಯಾಗ ಏನ್ ಬರ್ದಿತ್ತು?”

ಚೀಟಿಯಲ್ಲಿ ಇದ್ದದ್ದು ನನಗೆ ಅಕ್ಷರ ತಪ್ಪದೆ ನೆನಪಿತ್ತು. ಒಂದು ಸಸ್ಯ ಕುಟುಂಬದ ಹೆಸರು, ಅದರ ಕೆಳಗೆ ಆ ಕುಟುಂಬಕ್ಕೆ ಸೇರಿದ ಗಿಡಗಳು. ಹೇಳಿದೆ: ಬದನೆ, ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಇವೆಲ್ಲ ಒಂದೇ ಮನೆತನದವು, ಹೂವು ನೋಡಿದರೆ ಗೊತ್ತಾಗುತ್ತದೆ.

“ಬದ್ನಿಕಾಯಿ, ಮೆಣಸಿನಕಾಯಿ ಒಂದ ಮನಿಯವಾ?” ಅವರು ಒಳಗೆ ತಿರುಗಿ ಮಗಳಿಗೂ ದಖನಿಯಲ್ಲಿ ಆ ಸುದ್ದಿ ಹೇಳಿದರು. ನಂಬಲಾರದೆ ನಗುತ್ತ ತಲೆ ಕೊಡವಿದರು. “ಎರಡೂ ಒಂದ ಲಾರ್ಯಾಗ ಹಾಕ್ಕೊಂಡ ಎಷ್ಟ ಸಲ ಸಂತಿಗೆ ಹೋಗೀನಿ. ನಂಗೇನ್ ಗೊತ್ತು ಬೀಗರು ಅಂತ.”

ಅವರ ಕಿವಿಯ ಮೇಲಿದ್ದ ಬೀಡಿಯನ್ನು ತೋರಿಸಿ, ಹೊಗೆಸೊಪ್ಪೂ ಅದೇ ಮನೆಯದು ಎಂದೆ. ಅವರು ಬೀಡಿಯನ್ನು ಕೈಗೆ ತೆಗೆದುಕೊಂಡು, ಅದರ ಕುಲ ವಿಚಾರಿಸುವವರ ಹಾಗೆ ತಿರುಗಿಸಿ ನೋಡಿದರು. ಹೊರಡುವಾಗ, ಈಗಲಾದರೂ ಅಪ್ಪನಿಗೆ ಹೇಳಲೇ ಎಂದು ಕೇಳಿದೆ.

“ಹೇಳವ್ವಾ. ಈಗ ನೀನ ಕಾಲೇಜಿನ್ಯಾಗ ಕಲಸಾಕತ್ತೀದಿ, ಯಾರ್ ಬಿಡಸ್ತಾರ?”

ಮರಳುವಾಗ ದಾರಿಯಲ್ಲಿ ಮಳೆ ಹಿಡಿಯಿತು. ರಸ್ತೆ ಈಗ ಕೆಲವು ಕಡೆ ಅಗಲವಾಗಿದೆ, ಆದರೆ ಕಲ್ಮಲ ಹತ್ತಿರ ಬಂದಂತೆ ಮತ್ತೆ ಹಳೆಯ ಪಟ್ಟಿಯೇ. ಎದುರಿಗೆ ಒಬ್ಬ ಹೆಂಗಸು ಕ್ಯಾರಿಯರ್ ಮೇಲೆ ದೊಡ್ಡ ಹುಲ್ಲಿನ ಹೊರೆ ಇಟ್ಟುಕೊಂಡು ಸೈಕಲ್ ತಳ್ಳುತ್ತ ಬರುತ್ತಿದ್ದಳು. ಇಬ್ಬರಿಗೂ ಜಾಗವಿರಲಿಲ್ಲ. ನಾನು ದೂರದಿಂದ ಎರಡು ಸಲ ಹಾರ್ನ್ ಹೊಡೆದೆ, ಆಮೇಲೆ ಗಾಡಿಯನ್ನು ಕೆಳಗಿಳಿಸಿದೆ. ಅದು ಹತ್ತು ಮಾರು ಹೋಗಿ ನಿಂತಿತು.

ಅವಳು ಪಕ್ಕಕ್ಕೆ ಬಂದು ನಿಂತಳು. ಗಾಡಿಯವರು ಇಳಿಯುವುದಿಲ್ಲ, ನೀವ್ಯಾಕೆ ಇಳಿದಿರಿ ಎಂದು ಕೇಳಿದಳು. ಹಸಿ ದಿನ ಡಾಂಬರು ಸೈಕಲ್ಲಿನದು ಎಂದೆ. ಅವಳಿಗೆ ಅದು ಸರಿಯೆನಿಸಿತೋ, ನನಗೆ ತಲೆ ಸರಿಯಿಲ್ಲ ಎನಿಸಿತೋ, ತನ್ನ ಕ್ಯಾರಿಯರಿನಿಂದ ಜಾಲಿ ಕಡ್ಡಿ ತೆಗೆದು ಕೊಟ್ಟು, ಇಟ್ಟುಕೊಳ್ಳಿ ಎಂದು ಹೊರಟುಹೋದಳು. ಮಡ್‌ಗಾರ್ಡಿನ ಮಣ್ಣನ್ನು ಕೆದಕಿ ತೆಗೆಯಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಸಂತೋಷದಿಂದ ನಾನು ಈಚೆಗೆ ಯಾವ ಕೆಲಸವನ್ನೂ ಮಾಡಿಲ್ಲ.

ಮನೆ ಮುಟ್ಟಿದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಸೀರೆಯ ಅಂಚಿನಿಂದ ಮೊಣಕಾಲವರೆಗೂ ನನಗೆ ಎರಿಮಣ್ಣು ಮೆತ್ತಿತ್ತು. ಅವನು ಗಾಬರಿಯಿಂದ ಎದ್ದು, ಬಿದ್ದೆಯೇನವ್ವಾ ಎಂದು ಕೇಳಿದ.

“ಇವತ್ತ ಬಿದ್ದಿಲ್ಲಪ್ಪಾ,” ಎಂದು ಅವನ ಪಕ್ಕದಲ್ಲಿ ಕೂತೆ. “ಅವತ್ತ ಹ್ಯಾಂಗ ಬಿದ್ನಿ ಅಂತ ಹೇಳ್ತೀನಿ, ಕೂಡು.”